ಎದೆಮಟ್ಟ ನೀರಲ್ಲಿ ನಿಮ್ಮ ತೂಕ ಎಷ್ಟು?

ಹಿರಿಯ ನಾಗರಿಕರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಮೊಬೈಲ್‌ನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ನಾನೇ ಬರೆದಿದ್ದೇನೆ. ನಡುವೆ ಎರಡು ಸಲ ಕರೆಂಟ್ ಹೋಯಿತು. ಅಲ್ಲಿ ಬಿಟ್ಟುಹೋದದ್ದನ್ನು ನೆನಪಿನಿಂದ ತುಂಬಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬಾವಿಯಿಂದ ನೀರು ಸೇದಿದವರು ಎಷ್ಟು ಜನ ಇದ್ದೀರಿ, ಸ್ವಲ್ಪ ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಕೊಡ ಮುಳುಗಿ ತುಂಬಿತು. ಹಗ್ಗ ಎಳೆಯುತ್ತೀರಿ. ಮೊದಮೊದಲು ಸಲೀಸಾಗಿ ಬರುತ್ತದೆ, ಅಲ್ವಾ? ಕೊಡದ ಕಂಠ ನೀರಿನಿಂದ ಮೇಲೆ ಬಂದ ಕೂಡಲೇ ರಟ್ಟೆಗೆ ಗೊತ್ತಾಗುತ್ತದೆ. ತಳವೂ ಹೊರಬಂದಾಗ ಹಗ್ಗ ಒಮ್ಮೆ ಜಗ್ಗುತ್ತದೆ, ರಾಟೆ ಕಿರ್ ಅನ್ನುತ್ತದೆ. ಕೊಡ ಅದೇ, ಅದರೊಳಗಿನ ನೀರೂ ಅದೇ. ಆ ಭಾರ ಅಷ್ಟು ಹೊತ್ತು ಎಲ್ಲಿತ್ತು?

ಅದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಹೆಚ್ಚಿನ ಹೊತ್ತು ಸೊಂಟಮಟ್ಟ ನೀರಲ್ಲೇ ನಿಂತಿರುತ್ತೇನೆ. ಜನ ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ, ‘ನೀರಲ್ಲಿ ಏನು ಹಾಕ್ತೀರಿ ಮೇಡಂ?’ ಏನೂ ಹಾಕುವುದಿಲ್ಲ. ಕ್ಲೋರಿನ್ ಹಾಕುತ್ತೇವೆ, ಅದು ನಿಮಗಲ್ಲ, ಕ್ರಿಮಿಗಳಿಗೆ. ನೀರು ಔಷಧಿ ಅಲ್ಲ. ಎಷ್ಟು ಆಳ, ಎಷ್ಟು ವೇಗ, ಎಷ್ಟು ಬಿಸಿ, ನನ್ನ ಕೈಯಲ್ಲಿರುವುದು ಈ ಮೂರು ತಿರುಪುಗಳು ಮಾತ್ರ. ಸರಿಯಾಗಿ ತಿರುಗಿಸಿದರೆ ಉಪಯೋಗ. ತಪ್ಪಾಗಿ ತಿರುಗಿಸಿದರೆ ಅದೇ ನೀರು ತೊಂದರೆಯನ್ನೂ ಕೊಡುತ್ತದೆ.

ಇಲ್ಲಿ ಮೇಜಿನ ಮೇಲೆ ಒಂದು ಬಕೆಟ್ ನೀರು ಇದೆ. ಪಕ್ಕದಲ್ಲಿರುವುದು ಈ ಹಾಲ್‌ನ ಅಡುಗೆಮನೆಯಿಂದ ತಂದ ಗುಂಡುಕಲ್ಲು. ಇದು ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ. ಮುಂದಿನ ಸಾಲಿನ ಯಜಮಾನರು ಸ್ವಲ್ಪ ಬಂದು ಓದಿ ಹೇಳ್ತೀರಾ? ಗಾಳಿಯಲ್ಲಿ ಎಷ್ಟು? 2 ಕೆಜಿ 100 ಗ್ರಾಂ. ಈಗ ನೀರಿಗೆ ಇಳಿಸುತ್ತೇನೆ, ತಳ ಮುಟ್ಟಬಾರದು. ಈಗ? 1 ಕೆಜಿ 300. ಕಲ್ಲೇನೂ ಸವೆದಿಲ್ಲ. 800 ಗ್ರಾಂ ಭಾರವನ್ನು ನೀರು ಹೊತ್ತುಕೊಂಡಿದೆ, ಅಷ್ಟೆ. ಕಲ್ಲು ಎಷ್ಟು ಜಾಗ ಆಕ್ರಮಿಸಿತೋ ಅಷ್ಟು ಜಾಗದ ನೀರಿನ ತೂಕ 800 ಗ್ರಾಂ. ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಹೇಳಿದ್ದು ಇಷ್ಟೇ. ಅವನು ಬಚ್ಚಲಿಂದ ಬೆತ್ತಲೆ ಓಡಿಬಂದ ಕಥೆ ಎಲ್ಲರಿಗೂ ನೆನಪಿರುತ್ತದೆ, ಲೆಕ್ಕ ಮಾತ್ರ ಮರೆತುಹೋಗಿರುತ್ತದೆ.

ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಸಾಂದ್ರ. ಹಾಗಾಗಿ ನೀರಿಗೆ ಅದನ್ನು ಪೂರ್ತಿ ಹೊರಲು ಆಗುವುದಿಲ್ಲ. ನಮ್ಮ ಮೈ ಹಾಗಲ್ಲ. ಉಸಿರು ತುಂಬಿಕೊಂಡ ಮನುಷ್ಯನ ಸಾಂದ್ರತೆ ನೀರಿಗಿಂತ ಸ್ವಲ್ಪ ಕಡಿಮೆಯೇ. ನೀರು 1 ಅಂದರೆ ನಾವು 0.95, 0.97, ಹೀಗೆ. ಕೊಬ್ಬು ಇದ್ದವರು ಇನ್ನೂ ಚೆನ್ನಾಗಿ ತೇಲುತ್ತಾರೆ. ಜೀವನದಲ್ಲಿ ಹೊಟ್ಟೆ ಉಪಯೋಗಕ್ಕೆ ಬರುವ ಒಂದೇ ಜಾಗ ಇದು, ನಗಬೇಡಿ. ತೆಳ್ಳಗೆ ಗಟ್ಟಿ ಮೈಯವರ ಕಾಲು ಮುಳುಗುತ್ತದೆ. ‘ನನಗೆ ಈಜೇ ಬರಲ್ಲ’ ಅಂತ ಅವರು ನಾಚುತ್ತಾರೆ. ಅದು ಈಜಿನ ದೋಷ ಅಲ್ಲ, ತೊಡೆಯಲ್ಲಿ ಮಾಂಸಖಂಡ ಇದೆ ಅಂತ ಅರ್ಥ.

ಈಗ ಮೊದಲ ತಿರುಪಿಗೆ ಬರೋಣ. ಆಳ.

ಸೊಂಟದ ಮೂಳೆವರೆಗೆ ನೀರಲ್ಲಿ ನಿಂತರೆ ಪಾದದ ಮೇಲೆ ಬೀಳುವುದು ನಿಮ್ಮ ತೂಕದ ಸುಮಾರು ಅರ್ಧ. ಎದೆಮೂಳೆಯ ಕೆಳತುದಿವರೆಗೆ ಇಳಿದರೆ ಸುಮಾರು ಮೂರನೇ ಒಂದು ಪಾಲು. ಹೆಂಗಸರಿಗೆ ಇನ್ನೂ ಸ್ವಲ್ಪ ಕಡಿಮೆ. ಕುತ್ತಿಗೆವರೆಗೆ ಹೋದರೆ ಹತ್ತನೇ ಒಂದು ಪಾಲಿನ ಹತ್ತಿರ. 64 ಕೆಜಿ ತೂಗುವ ಒಬ್ಬ ಅಜ್ಜಿ ಎದೆಮಟ್ಟ ನೀರಲ್ಲಿ ಬರೀ 20 ಕೆಜಿಯ ಹುಡುಗಿ. ಇದು ಸುಮ್ಮನೆ ನಿಂತಾಗಿನ ಲೆಕ್ಕ. ಬೇಗ ನಡೆದರೆ, ಕುಪ್ಪಳಿಸಿದರೆ ಭಾರ ಏರುತ್ತದೆ. ಅದಕ್ಕೇ ಮಂಡಿ ಆಪರೇಷನ್ ಆದವರನ್ನು ಮೊದಲು ಆಳದಲ್ಲಿ ನಡೆಸುತ್ತೇವೆ. ಗಾಯ ಪೂರ್ತಿ ಒಣಗಿದ ಮೇಲೆ, ಸರ್ಜನ್ ಹೂಂ ಅಂದ ಮೇಲೆ. ವಾರ ಕಳೆದಂತೆ ಆಳ ಕಡಿಮೆ ಮಾಡುತ್ತಾ ಬರುತ್ತೇವೆ. ಪೂಲಿನ ಇಳಿಜಾರು ನೆಲವೇ ನಮ್ಮ ತಕ್ಕಡಿ.

ಆ ಅಜ್ಜಿಯ ಬಗ್ಗೆ ಹೇಳಬೇಕು. ವಯಸ್ಸು 72. ಎರಡೂ ಮಂಡಿ ಸವೆದಿತ್ತು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಸೊಸೆಯ ಭುಜ. ಪೂಲಿನ ಮೆಟ್ಟಿಲ ಹತ್ತಿರ ಬಂದು ಸ್ಟೀಲ್ ಕಂಬಿ ಹಿಡಿದರು ನೋಡಿ, ಬೆರಳಿನ ಗೆಣ್ಣು ಬೆಳ್ಳಗಾಗಿತ್ತು. ಒಂದು ಮೆಟ್ಟಿಲು, ನಿಂತರು. ಇನ್ನೊಂದು ಮೆಟ್ಟಿಲು, ಮತ್ತೆ ನಿಂತರು. ನೀರು ತೊಡೆಗೆ ಬಂದಾಗ ‘ಅಯ್ಯಪ್ಪಾ’ ಅಂದರು, ಚಳಿಗೆ. ನಾನು ಅವರ ಮುಖ ನೋಡುತ್ತಿರಲಿಲ್ಲ, ಕಂಬಿ ಹಿಡಿದ ಕೈಯನ್ನೇ ನೋಡುತ್ತಿದ್ದೆ. ನೀರು ಸೊಂಟ ದಾಟಿತು, ಗೆಣ್ಣಿನ ಬಣ್ಣ ವಾಪಸ್ ಬಂತು. ಎದೆಗೆ ಬಂತು, ಹಿಡಿತ ಸಡಿಲವಾಯಿತು. ಅವರು ನನ್ನ ಜೊತೆ ಮೊಮ್ಮಗನ ಪರೀಕ್ಷೆಯ ವಿಷಯ ಮಾತಾಡುತ್ತಾ ನಾಲ್ಕು ಹೆಜ್ಜೆ ಬಂದುಬಿಟ್ಟರು. ಕೈ ಕಂಬಿಯ ಮೇಲಿರಲಿಲ್ಲ. ಅದು ಅವರಿಗೇ ಗೊತ್ತಾಗಿರಲಿಲ್ಲ. ನಾನು ಹೇಳಲೂ ಇಲ್ಲ. ಹೇಳಿದ್ದರೆ ಮತ್ತೆ ಹಿಡಿದುಕೊಳ್ಳುತ್ತಿದ್ದರು.

ನೋವಿನ ವಿಚಿತ್ರ ಇದು. ಸವೆದ ಮಂಡಿಯ ನೋವಿಗೆ ಹೆದರಿ ತೊಡೆಯ ಸ್ನಾಯು ಕೆಲಸ ಬಿಡುತ್ತದೆ. ಕೆಲಸ ಬಿಟ್ಟ ಸ್ನಾಯು ಸೊರಗುತ್ತದೆ. ಸೊರಗಿದ ಮೇಲೆ ಮಂಡಿಗೆ ಆಸರೆ ಇರುವುದಿಲ್ಲ, ನೋವು ಇನ್ನೂ ಜಾಸ್ತಿ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ಭಾರ ಕಡಿಮೆ ಮಾಡಿ ನಡೆಸುವುದು ಒಂದು ದಾರಿ. ನೀರಲ್ಲಿ ನಡೆದರೆ ಸವೆದ ಮಂಡಿ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಂಡಿ ಮತ್ತು ಸೊಂಟದ ಕೀಲು ಸವೆತಕ್ಕೆ ನೀರಿನ ವ್ಯಾಯಾಮ ಎಷ್ಟು ಉಪಯೋಗ ಅಂತ 2016ರಲ್ಲಿ ಕಾಕ್ರೇನ್ ಸಂಸ್ಥೆಯ ಒಂದು ವಿಮರ್ಶೆ ಬಂತು. ಬೇರೆಬೇರೆ ಕಡೆ ಆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಅಳೆದದ್ದು. ನೋವು ಮತ್ತು ಓಡಾಟದಲ್ಲಿ ಸಣ್ಣ ಪ್ರಮಾಣದ, ಸ್ವಲ್ಪ ಕಾಲದ ಸುಧಾರಣೆ ಕಂಡಿದೆ ಎಂದಿತು. ಸಣ್ಣದು, ಆದರೆ ಇದೆ. ನಾನು ಅದಕ್ಕಿಂತ ಜಾಸ್ತಿ ಮಾತು ಕೊಡುವುದಿಲ್ಲ.

ಹಿಂದೆ ಕೂತವರು ಯಾರೋ ಕೇಳುತ್ತಿದ್ದಾರೆ, ತೇಲಿಸುವುದು ಮಾತ್ರವಾ ನೀರಿನ ಕೆಲಸ ಅಂತ. ಅಲ್ಲ. ಒತ್ತುವುದೂ ಅದರ ಕೆಲಸ. ನನ್ನ ಪ್ರಕಾರ ಅದೇ ಜಾಸ್ತಿ ಸ್ವಾರಸ್ಯ.

ಈ ಹಾಲ್‌ನಲ್ಲಿ ಬಿಪಿ ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. 120, 80. ಈ ಸಂಖ್ಯೆಗಳು ಯಾವುದರ ಅಳತೆ? ಪಾದರಸ ಎಷ್ಟು ಮಿಲಿಮೀಟರ್ ಏರಿತು ಅನ್ನುವುದು. ನೀರಿನ ಒತ್ತಡವನ್ನೂ ಅದೇ ಅಳತೆಯಲ್ಲಿ ಹೇಳಬಹುದು. ಪ್ರತಿ 1.36 ಸೆಂಟಿಮೀಟರ್ ಆಳಕ್ಕೆ 1 ಮಿಲಿಮೀಟರ್. ನಾಲ್ಕು ಅಡಿ ನೀರಲ್ಲಿ ನಿಂತಿದ್ದೀರಿ ಅನ್ನಿ. ಪಾದದ ಸುತ್ತ ಒತ್ತಡ ಸುಮಾರು 90. ನಿಮ್ಮ ಬಿಪಿಯ ಕೆಳಗಿನ ಸಂಖ್ಯೆಗಿಂತ ಜಾಸ್ತಿ! ಮಂಡಿ ಹತ್ತಿರ ಅದಕ್ಕಿಂತ ಕಡಿಮೆ, ತೊಡೆ ಹತ್ತಿರ ಇನ್ನೂ ಕಡಿಮೆ. ಕಾಲು ಊದಿದವರಿಗೆ ಡಾಕ್ಟರು ಬಿಗಿ ಸಾಕ್ಸ್ ಬರೆದುಕೊಡುತ್ತಾರಲ್ಲ, ಹಿಮ್ಮಡಿ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ನೀರು ಅಂಥದ್ದೇ ಒಂದು ಸಾಕ್ಸ್. ಹಾಕಿಕೊಳ್ಳಲು ಒದ್ದಾಡಬೇಕಿಲ್ಲ, ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುತ್ತದೆ. ಸಂಜೆ ಹೊತ್ತಿಗೆ ಪಾದ ದಪ್ಪಗಾಗಿ ಚಪ್ಪಲಿಯ ಪಟ್ಟಿ ಅಚ್ಚು ಬೀಳುತ್ತದಲ್ಲ, ಅಂಥವರು ಅರ್ಧ ಗಂಟೆ ನೀರಲ್ಲಿ ನಡೆದು ಹೊರಬಂದಾಗ ಚಪ್ಪಲಿ ಸಡಿಲ ಅನ್ನುತ್ತಾರೆ.

ಆದರೆ ಕಾಲಿಂದ ಹೊರಟ ರಕ್ತ ಎಲ್ಲಿಗೆ ಹೋಗಬೇಕು? ಎದೆಗೆ. ಕುತ್ತಿಗೆವರೆಗೆ ನೀರಲ್ಲಿ ಇಳಿದ ಮನುಷ್ಯನ ಎದೆಯೊಳಗೆ ಸುಮಾರು 700 ಮಿಲಿಲೀಟರ್ ರಕ್ತ ಹೆಚ್ಚಾಗುತ್ತದೆ. ಮುಕ್ಕಾಲು ಲೀಟರ್ ಹತ್ತಿರ! ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಜಾಸ್ತಿ ಆಗಿದೆ ಅಂತ ಹೃದಯ ತಪ್ಪು ತಿಳಿಯುತ್ತದೆ. ಒಂದು ಹಾರ್ಮೋನ್ ಬಿಡುಗಡೆ ಮಾಡಿ ಕಿಡ್ನಿಗೆ ಹೇಳುತ್ತದೆ, ‘ಹೊರಗೆ ಹಾಕು.’ ಪೂಲಿಗೆ ಇಳಿದು ಸ್ವಲ್ಪ ಹೊತ್ತಿಗೆ ಒಂದಕ್ಕೆ ಅವಸರ ಆಗುವುದು ಇದರಿಂದಲೇ. ಚಳಿಯೂ ಸೇರಿದರೆ ಇನ್ನೂ ಬೇಗ. ನಮ್ಮ ಅಜ್ಜಂದಿರು ಪಾಪ, ‘ಪ್ರಾಸ್ಟೇಟ್ ತೊಂದರೆ ಜಾಸ್ತಿ ಆಯ್ತಾ’ ಅಂತ ಗಾಬರಿ ಬೀಳುತ್ತಾರೆ. ಇಳಿಯುವ ಮುಂಚೆ ಹೋಗಿ ಬನ್ನಿ. ಹೊರಬಂದ ಮೇಲೆ ನೀರು ಕುಡಿಯಿರಿ. ಕಿಡ್ನಿ ಹೊರಗೆ ಹಾಕಿದ್ದನ್ನು ವಾಪಸ್ ತುಂಬಬೇಕಲ್ಲ.

ತಮಾಷೆ ಬಿಟ್ಟರೆ, ಇದು ಗಂಭೀರ ವಿಷಯ. ಗಟ್ಟಿ ಹೃದಯ ಈ ಹೆಚ್ಚುವರಿ ರಕ್ತವನ್ನು ಪ್ರತಿ ಬಡಿತಕ್ಕೂ ಜಾಸ್ತಿ ಜಾಸ್ತಿ ತಳ್ಳಿ ನಿಭಾಯಿಸುತ್ತದೆ. ಸೋತ ಹೃದಯಕ್ಕೆ ಅದು ಆಗದಿರಬಹುದು. ಕಾಲು ಊದಿದೆ, ನೀರಲ್ಲಿ ನಿಂತರೆ ಇಳಿಯುತ್ತದೆ ಅಂತ ಯಾರೋ ಹೇಳಿದರು ಅಂದುಕೊಂಡು ಹಾರ್ಟ್ ಫೇಲ್ಯೂರ್ ಇದ್ದವರು ಸೀದಾ ಕುತ್ತಿಗೆಮಟ್ಟಕ್ಕೆ ಇಳಿಯಬಾರದು. ಆ ಊತವೇ ಹೃದಯ ಕೊಟ್ಟ ನೋಟಿಸ್ ಆಗಿರಬಹುದು. ಡಾಕ್ಟರನ್ನು ಕೇಳಿಯೇ ಬನ್ನಿ. ಬಂದರೂ ಸೊಂಟಮಟ್ಟದಿಂದಲೇ ಶುರು.

ಉಸಿರಾಟಕ್ಕೂ ಹೀಗೇ. ನೀರು ಪಕ್ಕೆಲುಬನ್ನು ಹೊರಗಿನಿಂದ ಒತ್ತುತ್ತದೆ, ಹೊಟ್ಟೆಯನ್ನು ಒಳಕ್ಕೆ ನೂಕುತ್ತದೆ. ಕುತ್ತಿಗೆವರೆಗೆ ಮುಳುಗಿದಾಗ ಉಸಿರಾಡುವ ಶ್ರಮ ಶೇಕಡಾ 60ರಷ್ಟು ಹೆಚ್ಚುತ್ತದೆ ಅಂತ ಲೆಕ್ಕ. ಆರೋಗ್ಯವಾಗಿದ್ದವರಿಗೆ ಅದೂ ಒಂದು ವ್ಯಾಯಾಮ. ಶ್ವಾಸಕೋಶ ಕೆಟ್ಟವರಿಗೆ ಎದೆ ಹಿಡಿದ ಹಾಗೆ ಆಗುತ್ತದೆ. ಮೊದಲ ದಿನ ‘ಯಾಕೋ ಉಸಿರು ಕಟ್ಟುತ್ತೆ’ ಅಂದವರನ್ನು ‘ಹೆದರಿಕೆ ಅಷ್ಟೆ, ಧೈರ್ಯ ಮಾಡಿ’ ಅಂತ ತಳ್ಳುವವರನ್ನು ನೋಡಿದ್ದೇನೆ. ಯಾವಾಗಲೂ ಬರೀ ಹೆದರಿಕೆ ಅಲ್ಲ. ಎದೆಯ ಮೇಲೆ ನಿಜವಾಗಿಯೂ ಭಾರ ಇದೆ. ಎರಡು ಹೆಜ್ಜೆ ಮೇಲಕ್ಕೆ ಬಂದರೆ ಸರಿಹೋಗುತ್ತದೆ.

ಎರಡನೇ ತಿರುಪು ವೇಗ. ಮಾತಿಗಿಂತ ಕೈ ಮುಖ್ಯ. ಇಬ್ಬರು ಬನ್ನಿ. ಈ ಬಕೆಟ್‌ನಲ್ಲಿ ಅಂಗೈಯನ್ನು ಅಗಲವಾಗಿ ಇಟ್ಟು ನಿಧಾನ ಆಚೆ ಈಚೆ ಆಡಿಸಿ. ಏನೂ ಅನಿಸುವುದಿಲ್ಲ. ಈಗ ಜೋರಾಗಿ. ನನ್ನ ಮೇಲೆ ಎರಚಬೇಡಿ! ರಟ್ಟೆ ಹಿಡಿಯಿತಾ? ಈಗ ಅಂಗೈಯನ್ನು ಕತ್ತಿಯ ಹಾಗೆ ಓರೆ ಮಾಡಿ ಅದೇ ವೇಗದಲ್ಲಿ ಆಡಿಸಿ. ಹಗುರ ಆಯಿತಾ?

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದನ್ನು ಸರಿಸಿಕೊಂಡು ಹೋಗಬೇಕು. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಹೆಚ್ಚುಕಡಿಮೆ. ಮೂರು ಪಟ್ಟಾದರೆ ಒಂಬತ್ತು. ಹಾಗಾಗಿ ನೀರಲ್ಲಿ ಡಂಬೆಲ್ ಬದಲಾಯಿಸುವ ಗೊಡವೆ ಇಲ್ಲ. ಜೋರು ಮಾಡಿದರೆ ಭಾರ, ನಿಧಾನ ಮಾಡಿದರೆ ಹಗುರ. ನನಗೆ ಇಷ್ಟವಾದ ಗುಣ ಯಾವುದು ಗೊತ್ತಾ? ನೀವು ನಿಂತರೆ ತಡೆಯೂ ನಿಲ್ಲುತ್ತದೆ. ಎರಡು ಕೆಜಿ ಡಂಬೆಲ್ ಎತ್ತಿ ಅರ್ಧದಲ್ಲಿ ಭುಜ ಚುಚ್ಚಿದರೆ ಅದನ್ನು ಇಳಿಸುವವರೆಗೂ ನೋವು ತಿನ್ನಬೇಕು. ನೀರಲ್ಲಿ ಚುಚ್ಚಿತು, ಕೈ ಬಿಟ್ಟಿರಿ, ಮುಗಿಯಿತು.

ಇನ್ನೊಂದು ವ್ಯತ್ಯಾಸ ಇದೆ. ನೆಲದ ಮೇಲೆ ಮೊಣಕೈ ಮಡಚಿ ಭಾರ ಎತ್ತುವುದೂ ಮೇಲ್ತೋಳಿನ ಮುಂಭಾಗದ ಸ್ನಾಯುವೇ, ನಿಧಾನಕ್ಕೆ ಇಳಿಸುವುದೂ ಅದೇ. ನೀರಲ್ಲಿ ಹಾಗಲ್ಲ. ಮುಂದಕ್ಕೆ ತಳ್ಳಲು ಒಂದು ಸ್ನಾಯು, ಹಿಂದಕ್ಕೆ ಎಳೆಯಲು ಅದರ ಎದುರಿನದು. ಎರಡೂ ಕಡೆ ದುಡಿಮೆ. ಭಾರವನ್ನು ತಡೆದು ತಡೆದು ಇಳಿಸುವ ಕೆಲಸ ಕಡಿಮೆ ಆದ್ದರಿಂದ ಮಾರನೆಯ ದಿನ ಮೈಕೈ ನೋವೂ ಕಡಿಮೆ. ಇದರಲ್ಲಿ ಒಂದು ಕೊರತೆಯೂ ಇದೆ. ಮೆಟ್ಟಿಲು ಇಳಿಯುವಾಗ ತೊಡೆ ಮಾಡುವುದು ಆ ತಡೆದು ಇಳಿಸುವ ಕೆಲಸವನ್ನೇ. ಅದನ್ನು ನೀರಿನ ಹೊರಗೇ ಕಲಿಯಬೇಕು. ಮೂಳೆಯ ಕಥೆಯೂ ಅದೇ. ಮೂಳೆ ಗಟ್ಟಿಯಾಗಲು ಭಾರ ಬೇಕು, ನೀರು ಭಾರವನ್ನೇ ಕಿತ್ತುಕೊಳ್ಳುತ್ತದೆ. ಮೂಳೆ ಸವಕಲಾದವರು ಪೂಲ್ ಒಂದನ್ನೇ ನೆಚ್ಚಿಕೊಳ್ಳಬಾರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ. ಸ್ಟ್ರೋಕ್ ಆಗಿ ಎಡಭಾಗ ಬಿಗಿದುಕೊಂಡಿದ್ದ ಒಬ್ಬರನ್ನು ನೀರಲ್ಲಿ ಅಂಗಾತ ಮಲಗಿಸಿದ್ದೆ. ಕುತ್ತಿಗೆಗೆ ಒಂದು, ಸೊಂಟಕ್ಕೆ ಒಂದು ಬೆಂಡು. ನೋಡಲು ಚೆನ್ನಾಗಿ ತೇಲುತ್ತಿದ್ದರು. ನನಗೆ ಹೆಮ್ಮೆ. ದಡದಿಂದ ಅವರ ಹೆಂಡತಿ ಕರೆದರು, ಇವರು ಎಡಕ್ಕೆ ತಲೆ ತಿರುಗಿಸಿದರು. ಅಷ್ಟೆ. ದೋಣಿ ಮಗುಚಿದ ಹಾಗೆ ಇಡೀ ಮೈ ಎಡಕ್ಕೆ ಉರುಳಿತು, ಮುಖ ನೀರೊಳಗೆ. ನಾನು ಒಂದೇ ತೋಳಿನ ದೂರದಲ್ಲಿದ್ದೆ, ತಕ್ಷಣ ಎತ್ತಿದೆ. ಎರಡು ಗುಟುಕು ನೀರು ಕುಡಿದರು, ಕೆಮ್ಮಿದರು. ಆಮೇಲೆ ಒಂದು ತಿಂಗಳು ನೀರಿಗೆ ಇಳಿಯಲಿಲ್ಲ. ಅವರ ತಪ್ಪು ಏನೂ ಇಲ್ಲ.

ಆದದ್ದು ಏನು? ತೇಲುವ ವಸ್ತುವಿನ ಮೇಲೆ ಎರಡು ಬಲ ಇರುತ್ತದೆ. ಭೂಮಿ ಕೆಳಗೆ ಎಳೆಯುತ್ತದೆ, ನೀರು ಮೇಲೆ ನೂಕುತ್ತದೆ. ಎರಡೂ ಒಂದೇ ಗೆರೆಯಲ್ಲಿದ್ದರೆ ನೆಮ್ಮದಿ. ಗೆರೆ ತಪ್ಪಿದರೆ ವಸ್ತು ಉರುಳುತ್ತದೆ, ಮತ್ತೆ ಒಂದೇ ಗೆರೆಗೆ ಬರುವವರೆಗೆ. ಬಿಗಿದ ಎಡಭಾಗ ಮೊದಲೇ ಮುಳುಗಲು ಕಾದಿತ್ತು, ತಲೆ ತಿರುಗಿಸಿದ್ದು ಸಾಕಾಯಿತು. ತಲೆ ತಿರುಗಿದರೆ ಮೈ ಅದರ ಹಿಂದೆ ಹೋಗುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಬೆಂಡು ನಂಬಿ ಮರೆತೆ.

ಇದನ್ನೇ ಚಿಕಿತ್ಸೆಯಾಗಿ ಮಾಡಿದವರು ಜೇಮ್ಸ್ ಮ್ಯಾಕ್‌ಮಿಲನ್ ಅನ್ನುವ ಇಂಜಿನಿಯರ್. ಡಾಕ್ಟರ್ ಅಲ್ಲ, ದ್ರವಗಳ ಚಲನೆ ಗೊತ್ತಿದ್ದವರು. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಅನ್ನುವ ಶಾಲೆಯಲ್ಲಿ ಅಂಗವಿಕಲ ಹೆಣ್ಣುಮಕ್ಕಳಿಗೆ ಈಜು ಕಲಿಸಲು ಶುರು ಮಾಡಿದರು. ಅವರು ಬೆಂಡು ಕಟ್ಟುತ್ತಿರಲಿಲ್ಲ. ಒಂದು ಮಗುವಿಗೆ ಒಬ್ಬರು, ಕೈಯೇ ಆಸರೆ. ಮೊದಲು ಕಲಿಸಿದ್ದು ಕೈಕಾಲು ಬಡಿಯುವುದನ್ನಲ್ಲ, ಉರುಳುವುದನ್ನು ಮತ್ತು ಉರುಳದೆ ಇರುವುದನ್ನು. ತಲೆ ಎಲ್ಲಿಟ್ಟರೆ ಮೈ ಎಲ್ಲಿ ಹೋಗುತ್ತದೆ ಅಂತ. ನಮ್ಮ ಕಡೆ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರಲ್ಲ, ಅದರ ತದ್ವಿರುದ್ಧ. ಸೋರೆಬುರುಡೆ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕೈಕಾಲು ಸಮ ಇದ್ದ ಮಕ್ಕಳಿಗೆ ಅದು ಸರಿ. ಒಂದು ಪಕ್ಕ ಬಿದ್ದವರಿಗೆ ತಮ್ಮ ಮೈಯ ಗೆರೆ ತಮಗೇ ಗೊತ್ತಾಗಬೇಕು. ಹ್ಯಾಲಿವಿಕ್ ಪದ್ಧತಿ ಅಂತ ಈಗ ತುಂಬ ದೇಶಗಳಲ್ಲಿ ಇದನ್ನು ಕಲಿಸುತ್ತಾರೆ.

ಮೂರನೇ ತಿರುಪು ಬಿಸಿ. ಇಲ್ಲಿ ನಮ್ಮವರ ನಂಬಿಕೆ ಜಾಸ್ತಿ, ಥರ್ಮಾಮೀಟರ್ ಕಡಿಮೆ.

28 ಡಿಗ್ರಿ ಗಾಳಿಯಲ್ಲಿ ಬನಿಯನ್ ಹಾಕಿಕೊಂಡು ಆರಾಮಾಗಿ ಕೂರುತ್ತೀರಿ. 28 ಡಿಗ್ರಿ ನೀರಲ್ಲಿ ಸುಮ್ಮನೆ ಕೂತರೆ ಸ್ವಲ್ಪ ಹೊತ್ತಿಗೆ ನಡುಕ ಬರುತ್ತದೆ. ಯಾಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ದಾಟಿಸುತ್ತದೆ. ಜೊತೆಗೆ ಒಂದು ಲೀಟರ್ ಗಾಳಿ ಬಿಸಿಯಾಗಲು ಬೇಕಾದ ಶಾಖದ ಸುಮಾರು 3500 ಪಟ್ಟು ಶಾಖ ಒಂದು ಲೀಟರ್ ನೀರಿಗೆ ಬೇಕು. ಒಲೆ ಆರಿ ಗಂಟೆಗಳಾದರೂ ಹಂಡೆ ನೀರು ಬೆಚ್ಚಗೇ ಇರುವುದು ಅದಕ್ಕೇ. ಪೂಲ್ ಒಂದು ದೊಡ್ಡ ಹಂಡೆ. ಅದು ನಿಮ್ಮ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ತಾನು ಮಾತ್ರ ಬಿಸಿಯಾಗುವುದಿಲ್ಲ.

ನಿಧಾನದ ಚಿಕಿತ್ಸೆಗೆ 33ರಿಂದ 35 ಡಿಗ್ರಿ ಹಿತ. ಬಿಗಿದ ಸ್ನಾಯು ಸಡಿಲವಾಗುತ್ತದೆ. ಜೋರಾಗಿ ನಡೆಯುವವರಿಗೆ, ಈಜುವವರಿಗೆ 26ರಿಂದ 29 ಸಾಕು. ನಮ್ಮ ಊರುಗಳ ಹೆಚ್ಚಿನ ಪೂಲ್‌ಗಳಿಗೆ ಹೀಟರ್ ಇಲ್ಲ. ಡಿಸೆಂಬರ್ ಬೆಳಗ್ಗೆ ಆರಕ್ಕೆ ಸಂಧಿವಾತದವರನ್ನು ಅಲ್ಲಿಗೆ ಕಳಿಸುವುದು ಶಿಕ್ಷೆ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಹೋಗಿ.

ಹಾಗಂತ ಬಿಸಿ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲ. ಎಣ್ಣೆಸ್ನಾನದ ದಿನ ಹಂಡೆಯಿಂದ ತೋಡಿ ತೋಡಿ ಹುಯ್ದುಕೊಂಡು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದದ್ದು ನೆನಪಿದೆಯಾ? ಚರ್ಮದ ರಕ್ತನಾಳ ಎಲ್ಲ ಅಗಲವಾಗಿ ಬಿಪಿ ಇಳಿದಿರುತ್ತದೆ. ಬಿಸಿ ನೀರೊಳಗೆ ವ್ಯಾಯಾಮ ಮಾಡಿದರೆ ಅದರ ಜೊತೆ ಇನ್ನೊಂದು ತಾಪತ್ರಯ. ಬೆವರು ಬರುತ್ತದೆ, ಆರುವುದಿಲ್ಲ. ಮೈ ತಣಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ನರಗಳ ಹೊದಿಕೆ ಹಾಳಾಗುವ ಕಾಯಿಲೆ ಇದ್ದವರಿಗೆ ಬಿಸಿ ಇನ್ನೂ ಕಷ್ಟ. ಮೈ ಬಿಸಿಯಾದಾಗ ಅವರ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಉಟ್‌ಹಾಫ್ ಎಂಬ ವೈದ್ಯರು 1890ರಲ್ಲೇ ಬರೆದಿದ್ದರು. ಒಂದು ಕಾಲಕ್ಕೆ ರೋಗ ಪತ್ತೆ ಮಾಡಲು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ನೋಡುತ್ತಿದ್ದರಂತೆ! ಅವರಿಗೆ ತಂಪು ನೀರೇ ಸರಿ.

ಬಿಸಿನೀರಿನ ಬುಗ್ಗೆಗಳ ಬಗ್ಗೆ ಮಾತು ಬಂದರೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನೆನಪಾಗುತ್ತಾರೆ. 1921ರಲ್ಲಿ, 39ನೇ ವಯಸ್ಸಿನಲ್ಲಿ ಅವರ ಕಾಲು ಬಿದ್ದುಹೋಯಿತು. ಪೋಲಿಯೊ ಅಂದರು. 1924ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದರು. ಅಲ್ಲಿನ ಬುಗ್ಗೆಯ ನೀರು ಸುಮಾರು 31 ಡಿಗ್ರಿ, ವರ್ಷಪೂರ್ತಿ. ನೀರಲ್ಲಿ ಅವರು ನಿಂತರು, ಹೆಜ್ಜೆ ಇಟ್ಟರು. ಎಷ್ಟು ಖುಷಿಯಾಯಿತು ಅಂದರೆ 1926ರಲ್ಲಿ ಆ ಜಾಗವನ್ನೇ ಕೊಂಡುಬಿಟ್ಟರು. ಮರುವರ್ಷ ಪೋಲಿಯೊ ರೋಗಿಗಳಿಗಾಗಿ ಅಲ್ಲೊಂದು ಸಂಸ್ಥೆ ಕಟ್ಟಿದರು. 1945ರಲ್ಲಿ ತೀರಿಕೊಂಡದ್ದೂ ಅದೇ ಊರಲ್ಲಿ. ನೀರಿನ ಖನಿಜದಲ್ಲಿ ಶಕ್ತಿ ಇದೆ ಅಂತ ಜನ ನಂಬಿದ್ದರು. ನನಗೆ ಕಾಣುವುದು ಬೇರೆ. ತೇಲುವ ಮೈ, ನಡುಗಿಸದಷ್ಟು ಬಿಸಿ, ಬೇಸರವಿಲ್ಲದೆ ಗಂಟೆಗಟ್ಟಲೆ ಅಭ್ಯಾಸ. ಇಷ್ಟೆಲ್ಲ ಆಗಿಯೂ ನೀರಿನ ಹೊರಗೆ ಅವರಿಗೆ ಕೊನೆವರೆಗೂ ಕಾಲಿಗೆ ಕಬ್ಬಿಣದ ಪಟ್ಟಿ ಬೇಕಿತ್ತು, ಇನ್ನೊಬ್ಬರ ತೋಳು ಬೇಕಿತ್ತು. ಸತ್ತುಹೋದ ನರವನ್ನು ನೀರು ಎಬ್ಬಿಸಲಿಲ್ಲ. ಉಳಿದಿದ್ದ ಶಕ್ತಿಗೆ ಕೆಲಸ ಕೊಟ್ಟಿತು.

ಬೆಳಕಿನ ಬಗ್ಗೆ ಎರಡು ಮಾತು, ಬೇಗ ಮುಗಿಸುತ್ತೇನೆ. ನೀರಲ್ಲಿ ಬೆಳಕು ಬಾಗುತ್ತದೆ. ನಾಲ್ಕು ಅಡಿ ಆಳ ಮೇಲಿನಿಂದ ಮೂರು ಅಡಿಯಂತೆ ಕಾಣುತ್ತದೆ. ನಿಮ್ಮ ಕಾಲು ಗಿಡ್ಡವಾಗಿ, ಮೆಟ್ಟಿಲು ಹತ್ತಿರದಲ್ಲಿದ್ದ ಹಾಗೆ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ನಡೆಯುವುದೇ ಕಣ್ಣಿನ ನಂಬಿಕೆಯಿಂದ. ಅಂಥವರಿಗೆ ಕಣ್ಣೂ ಮೋಸ ಮಾಡಿದರೆ? ಕಂಬಿ ಹಿಡಿದೇ ಇಳಿಯಿರಿ. ರಬ್ಬರ್ ಶೂ ಹಾಕಿಕೊಳ್ಳಿ. ಪೂಲಿನ ಒರಟು ನೆಲಕ್ಕೆ ಹಿಮ್ಮಡಿ ತರಚಿದರೂ ನಿಮಗೆ ಗೊತ್ತಾಗುವುದಿಲ್ಲ. ನೆನೆದ ಚರ್ಮ ಬೇಗ ಕಿತ್ತುಬರುತ್ತದೆ.

ಯಾರು ಇಳಿಯಬಾರದು ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಗಾಯ ಒಣಗದವರು, ಜ್ವರ ಅಥವಾ ಭೇದಿ ಇದ್ದವರು, ಹತೋಟಿಗೆ ಬರದ ಮೂರ್ಛೆರೋಗ ಇದ್ದವರು ಬೇಡ. ಹೃದಯದ ಮಾತು ಆಗಲೇ ಆಯಿತು. ಇನ್ನೊಂದು, ಎದೆಮಟ್ಟ ನೀರಲ್ಲಿ ನಾಡಿ ಬಡಿತ ನೆಲದ ಮೇಲಿಗಿಂತ ಕಡಿಮೆ ಇರುತ್ತದೆ, ಹತ್ತು ಬಡಿತದಷ್ಟು ಅನ್ನಿ. ‘ನನ್ನ ವಾಚ್ 90 ತೋರಿಸ್ತಿದೆ, ಇನ್ನೂ ಜೋರಾಗಿ ಮಾಡ್ತೀನಿ’ ಅನ್ನಬೇಡಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ವೇಗ.

ಈಗ ಎಲ್ಲರೂ ಮರೆಯುವ ಭಾಗ, ಹೊರಗೆ ಬರುವುದು. ಬಾವಿಯ ಕೊಡದ ಜಗ್ಗು ನೆನಪಿಟ್ಟುಕೊಳ್ಳಿ. ಅರ್ಧ ಗಂಟೆ 20 ಕೆಜಿಯಾಗಿದ್ದ ಅಜ್ಜಿ ನಾಲ್ಕು ಮೆಟ್ಟಿಲಲ್ಲಿ ಮತ್ತೆ 64 ಕೆಜಿ ಆಗುತ್ತಾರೆ. ಎದೆಗೆ ಹೋಗಿದ್ದ ರಕ್ತ ಕಾಲಿಗೆ ವಾಪಸ್ ಇಳಿಯುತ್ತದೆ. ಕಾಲು ಸೀಸದ ಹಾಗೆ, ತಲೆ ಗಾಳಿಯ ಹಾಗೆ. ನೆಲ ಒದ್ದೆ ಬೇರೆ. ನನ್ನ ಪೂಲಿನಲ್ಲಿ ನಿಯಮ ಇಷ್ಟು: ಒಂದು ಮೆಟ್ಟಿಲು ಹತ್ತಿ, ನಿಂತು, ಐದು ಉಸಿರು. ಆಮೇಲೆ ಮುಂದಿನದು. ಕೊನೆಯ ಮೆಟ್ಟಿಲ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಇಟ್ಟಿರುತ್ತೇನೆ. ಆ ಅಜ್ಜಿ ಮೊದಲ ದಿನ ಆ ಕುರ್ಚಿಯಲ್ಲಿ ಕೂತು, ‘ಏನಮ್ಮಾ, ಒಳಗೆ ಹೂವಿನ ಹಾಗಿದ್ದೆ, ಈಗ ಒಳಕಲ್ಲು ಕಟ್ಟಿದ ಹಾಗಿದೆ’ ಅಂದರು. ಮೂರನೇ ತಿಂಗಳು ಕೋಲು ಬಿಟ್ಟರು ಅಂತ ಹೇಳಿದರೆ ನಿಮಗೆ ಖುಷಿಯಾಗುತ್ತಿತ್ತು. ಬಿಡಲಿಲ್ಲ. ಸೊಸೆಯ ಭುಜ ಮಾತ್ರ ಬಿಟ್ಟರು.

ಕೊನೆಯ ಪ್ರಶ್ನೆ ತೆಗೆದುಕೊಳ್ಳುತ್ತೇನೆ, ಟೀ ಬಂದಿದೆ. ಹಿಂದಿನ ಸಾಲಿನ ಅಮ್ಮ ಕೇಳುತ್ತಿದ್ದಾರೆ, ‘ಸೀರೆ ಉಟ್ಟುಕೊಂಡು ಇಳಿಯಬಹುದಾ?’

ಒಳ್ಳೆ ಪ್ರಶ್ನೆ ಅಮ್ಮ, ನಗುವವರು ನಗಲಿ. ಬೇಡ. ಮೊದಲು ಗಾಳಿ ತುಂಬಿ ಮೇಲೆ ಉಬ್ಬುತ್ತದೆ, ಆಮೇಲೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಂಗೈ ಅಗಲ ಮಾಡಿದಾಗ ತಡೆ ಹೆಚ್ಚಾಯಿತಲ್ಲ, ಐದೂವರೆ ಮೀಟರ್ ಬಟ್ಟೆ ಎಷ್ಟು ತಡೆಯಬೇಡ? ಮೆಟ್ಟಿಲು ಹತ್ತುವಾಗ ನೀರು ಹೀರಿದ ಸೀರೆಯ ಭಾರವೂ ಸೇರುತ್ತದೆ. ನೈಟಿ, ಚೂಡಿದಾರ್ ದುಪಟ್ಟಾಗೂ ಇದೇ ಮಾತು. ಹಾಗಂತ ಚಿಕ್ಕ ಈಜುಡುಗೆಯೇ ಬೇಕು ಅಂತಿಲ್ಲ. ಮಣಿಕಟ್ಟಿನವರೆಗೆ ತೋಳು, ಹಿಮ್ಮಡಿವರೆಗೆ ಕಾಲು ಮುಚ್ಚುವ ನೈಲಾನ್ ಉಡುಪು ಅಂಗಡಿಯಲ್ಲಿ ಸಿಗುತ್ತದೆ. ಮೈಗೆ ಅಂಟಿ ಇರುತ್ತದೆ, ನೀರು ಹೀರುವುದಿಲ್ಲ. ಸಂಕೋಚ ಇದ್ದರೆ ಮೆಟ್ಟಿಲವರೆಗೆ ಮೇಲೊಂದು ಟವೆಲ್ ಸುತ್ತಿಕೊಂಡು ಬನ್ನಿ. ಎದೆಮಟ್ಟ ಇಳಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ, ಟವೆಲನ್ನು ಆ ಕುರ್ಚಿಯ ಮೇಲೆ ಇಡಿ.